ಅರ್ಧ ಮೊಳದ ಎಂಜಿನ್ನೂ ಅಪ್ಪನ ಪರೀಕ್ಷೆಯೂ

ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಯಾರೂ ಮುಟ್ಟಬಾರದ ಕಪಾಟೊಂದು ಇದ್ದೇ ಇರುತ್ತದೆ. ನನ್ನ ಕಪಾಟಿನಲ್ಲಿ ಕೆಟ್ಟ ಡೈನಮೋ, ಒಡೆದ ಮಸೂರ, ಸೀಮೆಎಣ್ಣೆ ಸ್ಟೌವಿನ ಬರ್ನರ್, ಮೂರು ಗಡಿಯಾರಗಳ ಹಲ್ಲುಚಕ್ರ ಎಲ್ಲವೂ ಇವೆ. ನನ್ನ ಮನೆಯಾಕೆ ಅದಕ್ಕೆ ‘ಗುಜರಿ ದೇವರಮನೆ’ ಎಂದು ಹೆಸರಿಟ್ಟಿದ್ದಾಳೆ. 2023ರ ನವೆಂಬರಿನಲ್ಲಿ ಆ ದೇವರಮನೆಗೆ ನಿಜವಾದ ಮೂಲವಿಗ್ರಹವೊಂದು ಬಂದಿತು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಪುಟ್ಟ ಉಗಿಬಂಡಿಯನ್ನು ರಜೆಗೆ ಬಂದಾಗ ತಂದುಕೊಟ್ಟ. ‘ಸಾರ್, ಒಂಬತ್ತನೇ ಕ್ಲಾಸಿನಲ್ಲಿ ಉಗಿಯಂತ್ರದ ಚಿತ್ರ ಬೋರ್ಡಿನ ಮೇಲೆ ಬರೆದಿರಿ. ಅದು ಓಡೋದನ್ನು ನಾವು ನೋಡಲೇ ಇಲ್ಲ. ಈಗಿನ ಮಕ್ಕಳಿಗಾದರೂ ತೋರಿಸಿ’ ಎಂದ. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಶಾಲು ಹೊದಿಸುವುದು ಸಾಧ್ಯವೆ?

ಅರ್ಧ ಮೊಳದಷ್ಟು ಉದ್ದದ ಎಂಜಿನ್. ಹಸಿರು ಬಣ್ಣ, ಹಿತ್ತಾಳೆಯ ಬಾಯ್ಲರ್, ನಾಲ್ಕು ಚಕ್ರ, ಎರಡು ಬದಿಗೆ ಎರಡು ಸಿಲಿಂಡರ್. ಜೊತೆಗೆ ಎರಡು ಗಾಡಿ ಮತ್ತು ವೃತ್ತಾಕಾರವಾಗಿ ಜೋಡಿಸಬಹುದಾದ ಹಳಿಯ ತುಂಡುಗಳು. ಹಳಿಗಳ ನಡುವಿನ ಅಂತರ ಅಳೆದೆ: 45 ಮಿಲಿಮೀಟರ್. ನಮ್ಮ ಹಳೆಯ ಮೀಟರ್ ಗೇಜನ್ನು ಇಪ್ಪತ್ತೆರಡು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಮೀಟರ್ ಗೇಜ್ ಎಂದ ಕೂಡಲೇ ಅಪ್ಪನ ವಿಷಯ ಹೇಳಲೇಬೇಕು. ಅವರಿಗೆ ಆಗ ಎಂಬತ್ತನಾಲ್ಕರ ಹತ್ತಿರ. 1960ರಲ್ಲಿ ಅರಸೀಕೆರೆಯಲ್ಲಿ ಎಂಜಿನ್ ಒರೆಸುವ ಕ್ಲೀನರಾಗಿ ರೈಲ್ವೆ ಸೇರಿ, ಫೈರ್‌ಮನ್ ಆಗಿ, ಕೊನೆಗೆ ಡ್ರೈವರಾಗಿ ನಿವೃತ್ತರಾದವರು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ನಪಾಸು. ಮಗ ಬಿಎಸ್ಸಿ, ಬಿಎಡ್ ಮಾಡಿದ ದಿನ ಸ್ಟೇಷನ್ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರಂತೆ. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟರು. ‘ಏನ್ ಮೇಷ್ಟ್ರೆ’ ಎನ್ನುತ್ತಾರೆ. ಅದರಲ್ಲಿ ಹೆಮ್ಮೆ ಎಷ್ಟು, ಹಾಸ್ಯ ಎಷ್ಟು ಎಂದು ಇಂದಿಗೂ ನನಗೆ ತಿಳಿಯದು. ತಮ್ಮ ಕೆಲಸದ ಬಗ್ಗೆ ಮಾತ್ರ ಅವರು ಮನೆಯಲ್ಲಿ ಬಾಯಿ ಬಿಟ್ಟವರಲ್ಲ. ಡ್ಯೂಟಿ ಮುಗಿಸಿ ಬಂದು ಎರಡು ಹಂಡೆ ನೀರು ಸುರಿದುಕೊಂಡು, ಉಂಡು ಮಲಗಿದರೆ ಮುಗಿಯಿತು.

ಎಂಜಿನ್ನನ್ನು ಅವರ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ಸಿಲಿಂಡರನ್ನು ಬೆರಳಿನಿಂದ ಅಲ್ಲಾಡಿಸಿ, ‘ಇದೇನಯ್ಯಾ ಸಿಲಿಂಡರೇ ತೂಗಾಡ್ತದೆ!’ ಎಂದು ನಕ್ಕರು. ನಿಜ, ದೊಡ್ಡ ಎಂಜಿನ್ನಿನಲ್ಲಿ ಸಿಲಿಂಡರ್ ಸ್ಥಿರ. ಹಬೆಯನ್ನು ಹೊತ್ತು ಹೊತ್ತಿಗೆ ಒಳಗೆ ಬಿಡಲು ಬೇರೆಯೇ ಕವಾಟ, ಅದನ್ನು ನಡೆಸಲು ಸರಳುಗಳ ಸಂಸಾರ. ಈ ಆಟಿಕೆಯಲ್ಲಿ ಅದೆಲ್ಲ ಇಲ್ಲ. ಪಿಸ್ಟನ್ ಹಿಂದೆ ಮುಂದೆ ಹೋದಂತೆ ಸಿಲಿಂಡರೇ ತೊಟ್ಟಿಲಂತೆ ತೂಗುತ್ತದೆ. ಅದರ ಬೆನ್ನಿನಲ್ಲಿರುವ ರಂಧ್ರ ಒಮ್ಮೆ ಹಬೆ ಬರುವ ರಂಧ್ರಕ್ಕೂ, ಇನ್ನೊಮ್ಮೆ ಹಬೆ ಹೊರಹೋಗುವ ರಂಧ್ರಕ್ಕೂ ಎದುರಾಗುತ್ತದೆ. ಎರಡು ಚಪ್ಪಟೆ ಮುಖಗಳನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್. ಸ್ಪ್ರಿಂಗ್ ಸಡಿಲವಾದರೆ ಹಬೆ ಸೋರುತ್ತದೆ, ಬಿಗಿಯಾದರೆ ಘರ್ಷಣೆಯಲ್ಲಿ ಬಲವೆಲ್ಲ ಮುಗಿಯುತ್ತದೆ. ಇಷ್ಟೇ ಅದರ ಗುಟ್ಟು.

ನನ್ನ ಗುರಿ 2024ರ ಫೆಬ್ರವರಿ 28. ರಾಮನ್ ತಮ್ಮ ಪರಿಣಾಮವನ್ನು 1928ರಲ್ಲಿ ಪ್ರಕಟಿಸಿದ ಆ ದಿನವನ್ನು ಎಲ್ಲ ಶಾಲೆಗಳಲ್ಲಿ ವಿಜ್ಞಾನ ದಿನವಾಗಿ ಆಚರಿಸುತ್ತೇವಷ್ಟೆ. ನಮ್ಮ ಶಾಲೆಯ ನಲವತ್ತೆರಡು ಮಕ್ಕಳ ಮುಂದೆ ಎಂಜಿನ್ ಓಡಬೇಕು. ಬರೇ ಓಡಿದರೆ ಸಾಲದು, ಲೆಕ್ಕವೂ ಬೇಕು. ಲೆಕ್ಕವಿಲ್ಲದ ಪ್ರಯೋಗ ಜಾದೂ ಆಟ ಎಂದು ಮಕ್ಕಳಿಗೆ ಹೇಳುತ್ತಾ ಬಂದವನು ನಾನು.

ಪೇಟೆಯ ಲೇತ್ ಅಂಗಡಿಯ ಸಾಬರು ಬಾಯ್ಲರಿಗೆ ಒಂದು ಚಿಕ್ಕ ಪ್ರೆಷರ್ ಗೇಜ್ ಕೂರಿಸಿಕೊಟ್ಟರು. ಡಿಸೆಂಬರಿನ ಒಂದು ಭಾನುವಾರ ಜಗಲಿಯ ಮೇಲೆ ಹಳಿ ಜೋಡಿಸಿದೆ. ವೃತ್ತದ ತ್ರಿಜ್ಯ 60 ಸೆಂಟಿಮೀಟರ್, ಅಂದರೆ ಒಂದು ಸುತ್ತಿಗೆ 3.77 ಮೀಟರ್. ಬಾಯ್ಲರಿನಲ್ಲಿ 80 ಮಿಲಿಲೀಟರ್ ನೀರು, ದೀಪದಲ್ಲಿ 20 ಮಿಲಿಲೀಟರ್ ಸ್ಪಿರಿಟ್. ಎಂಟು ನಿಮಿಷಕ್ಕೆ ಗೇಜಿನ ಮುಳ್ಳು ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ತೋರಿಸಿತು, ಸೇಫ್ಟಿ ವಾಲ್ವು ‘ಸುಯ್’ ಎಂದಿತು. ಬೆರಳಿನಿಂದ ಮೆಲ್ಲಗೆ ನೂಕಿದೆ. ಚುಕುಬುಕು ಎನ್ನುತ್ತಾ ಹೊರಟೇಬಿಟ್ಟಿತು! ಮನೆಯಾಕೆ ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿ ಬಂದಳು.

ಹದಿನೈದು ಸುತ್ತಿಗೆ ಬಂಡಿ ನಿಂತಿತು. ಗಾಡಿಗಳನ್ನು ಎಳೆಯಲು ಬೇಕಾದ ಬಲವನ್ನು ಮೊದಲೇ ತೂಕ ಕಟ್ಟಿ ಅಳೆದಿದ್ದೆ, ಅರ್ಧ ನ್ಯೂಟನ್. ಹದಿನೈದು ಸುತ್ತೆಂದರೆ ಸುಮಾರು 56 ಮೀಟರ್. ಮಾಡಿದ ಕೆಲಸ 28 ಜೂಲ್. ಉರಿದ ಸ್ಪಿರಿಟ್ಟಿನ ಶಾಖವೋ, ಹೆಚ್ಚುಕಡಿಮೆ 4 ಲಕ್ಷ 30 ಸಾವಿರ ಜೂಲ್. ಅಂದರೆ ಲಕ್ಷ ಜೂಲ್ ತಿಂದು ಆರೂವರೆ ಜೂಲ್ ಕೆಲಸ! ಅಪ್ಪನ ಕಾಲದ ದೊಡ್ಡ ಉಗಿಬಂಡಿಗಳೂ ದಕ್ಷತೆಗೆ ಹೆಸರಾದವಲ್ಲ, ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಆರೇಳು ಪಾಲು ದಕ್ಕಿಸಿಕೊಂಡರೆ ಹೆಚ್ಚು. ಆದರೆ ಇದು ಅವುಗಳ ಸಾವಿರದ ಒಂದು ಪಾಲು.

ಯಾಕೆ ಹೀಗೆ? ಮಕ್ಕಳಿಗೆ ಇದೇ ಒಳ್ಳೆಯ ಪಾಠ. ಎಲ್ಲ ಅಳತೆಗಳನ್ನೂ ಇಪ್ಪತ್ತೆರಡರಲ್ಲಿ ಒಂದು ಪಾಲು ಮಾಡಿದರೆ ಮೇಲ್ಮೈ 484ರಲ್ಲಿ ಒಂದು ಪಾಲಾಗುತ್ತದೆ, ಗಾತ್ರ ಮಾತ್ರ 10,648ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶಾಖ ಇರುವುದು ಗಾತ್ರದಲ್ಲಿ, ಸೋರುವುದು ಮೇಲ್ಮೈಯಿಂದ. ಚಿಕ್ಕದಕ್ಕೆ ಮೈ ಹೆಚ್ಚು, ಹೊಟ್ಟೆ ಕಡಿಮೆ. ಹಂಡೆಯ ನೀರು ರಾತ್ರಿಯಿಡೀ ಬೆಚ್ಚಗಿದ್ದರೂ ಲೋಟದ ಕಾಫಿ ಮಾತಾಡುವಷ್ಟರಲ್ಲಿ ಆರುವುದು ಇದಕ್ಕೇ. ಜೇಮ್ಸ್ ವಾಟ್ 1763–64ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಇಂಥದೇ ಒಂದು ಮಾದರಿಯನ್ನು, ನ್ಯೂಕೊಮೆನ್ ಯಂತ್ರದ ಚಿಕ್ಕ ಪ್ರತಿಯನ್ನು, ರಿಪೇರಿ ಮಾಡಲು ಕುಳಿತಾಗ ಅದು ಲೆಕ್ಕಕ್ಕೆ ಮೀರಿ ಹಬೆ ನುಂಗುವುದನ್ನು ಕಂಡು ತಲೆ ಕೆಡಿಸಿಕೊಂಡ. ಪ್ರತಿ ಸಲವೂ ಸಿಲಿಂಡರನ್ನು ತಣಿಸಿ ಮತ್ತೆ ಕಾಯಿಸುವುದರಲ್ಲೇ ಹಬೆ ಖರ್ಚಾಗುತ್ತಿದೆ ಎಂದು ಹೊಳೆಯಿತು. 1765ರಲ್ಲಿ ಹಬೆಯನ್ನು ತಣಿಸಲು ಬೇರೆಯದೇ ಪಾತ್ರೆ ಇಡುವ ಉಪಾಯ ಹುಟ್ಟಿತು. ಒಂದು ಆಟಿಕೆಯ ದೋಷವೇ ಕೈಗಾರಿಕಾ ಕ್ರಾಂತಿಯ ಬಾಗಿಲು ತೆರೆಯಿತೆನ್ನಿ.

ನನಗೂ ಒಂದು ಉಪಾಯ ಹೊಳೆಯಿತು. ವಾಟ್‌ನದಕ್ಕಿಂತ ಬಹಳ ಸುಲಭದ್ದು. ಬಲ ಎಂದರೆ ಒತ್ತಡ ಗುಣಿಸು ವಿಸ್ತೀರ್ಣ. ಪಿಸ್ಟನ್ನಿನ ವಿಸ್ತೀರ್ಣ ಬದಲಿಸಲಾಗದು, ಒತ್ತಡ ಬದಲಿಸಬಹುದು. ಒಂದು ಕೆ.ಜಿ.ಗೆ ಬದಲು ಮೂರು ಕೆ.ಜಿ. ಮಾಡಿದರೆ ಮೂರು ಪಟ್ಟು ಬಲ, ಮೂರು ಗಾಡಿ ಹೆಚ್ಚಿಗೆ ಎಳೆಯಬಹುದು! ಸೇಫ್ಟಿ ವಾಲ್ವಿನ ಸ್ಪ್ರಿಂಗಿನಡಿ ಎರಡು ವಾಷರ್ ಸೇರಿಸಿದರೆ ಆಯಿತು, ಅದು ಬೇಗ ಬಾಯಿ ಬಿಡುವುದಿಲ್ಲ. ಹಾಗೆಯೇ ಮಾಡಿದೆ. ಯಾರಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಜಗಲಿ, ಮತ್ತೆ ದೀಪ. ಅಪ್ಪ ಎಂದಿನಂತೆ ಒರಗು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಮುಳ್ಳು ಒಂದು ಕೆ.ಜಿ. ದಾಟಿತು. ಒಂದೂವರೆ ಆಯಿತು. ಎರಡರ ಹತ್ತಿರ ಬಂದಿತು.

‘ಯಾಕಯ್ಯಾ ವಾಲ್ವು ಬ್ಲೋ ಆಗ್ಲಿಲ್ಲ?’

ಕಣ್ಣು ಮುಚ್ಚಿದವರಿಗೆ ಅದು ಹೇಗೆ ಗೊತ್ತಾಯಿತೋ! ‘ಸ್ವಲ್ಪ ಬಿಗಿ ಮಾಡಿದ್ದೀನಪ್ಪ, ಜೋರಾಗಿ ಓಡಲಿ ಅಂತ’ ಎಂದೆ. ಅವರು ಎದ್ದರು. ಮಂಡಿನೋವಿನ ಆ ಮನುಷ್ಯ ಅಷ್ಟು ಬೇಗ ಎದ್ದದ್ದನ್ನು ನಾನು ಈಚಿನ ವರ್ಷಗಳಲ್ಲಿ ನೋಡಿರಲಿಲ್ಲ. ಊರುಗೋಲಿನ ಕೊಕ್ಕೆಯಿಂದ ಬಾಯ್ಲರಿನ ಕೆಳಗಿದ್ದ ದೀಪವನ್ನು ಸರಕ್ಕನೆ ಹೊರಗೆಳೆದು, ಮೇಲೆ ಒಂದು ಪಾತ್ರೆ ಕವುಚಿ ಆರಿಸಿದರು.

‘ಹೈಡ್ರಾಲಿಕ್ ಟೆಸ್ಟ್ ಮಾಡಿದ್ದೀಯಾ?’

ಮಾಡಿರಲಿಲ್ಲ. ಹಾಗೆಂದರೇನೆಂದು ನನಗೆ ಸರಿಯಾಗಿ ಗೊತ್ತೂ ಇರಲಿಲ್ಲ. ಗೊತ್ತಿಲ್ಲದವನಿಗೆ ಬರುವುದು ಸಿಟ್ಟು ತಾನೆ? ‘ಇದೇನು ನಿಮ್ಮ ದೊಡ್ಡ ಎಂಜಿನ್ನೇ? ಒಂದು ಲೋಟ ನೀರು ಹಿಡಿಯದ ಆಟದ ಸಾಮಾನು. ಒತ್ತಡದ ಪಾಠ ಮೂವತ್ತು ವರ್ಷದಿಂದ ಮಾಡ್ತಾ ಇದ್ದೀನಿ’ ಎಂದುಬಿಟ್ಟೆ. ಅಪ್ಪ ಮಾತಾಡಲಿಲ್ಲ. ಒಳಗೆ ಹೋದರು. ಎರಡು ದಿನ ನಮ್ಮಿಬ್ಬರ ನಡುವೆ ‘ಊಟ ಆಯ್ತಾ’ ಎಂಬುದೂ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪೇಪರು ಓದುತ್ತಾ ಅವರೇ ಹೇಳಿದರು: ‘ಬಾಯ್ಲರ್ ತುಂಬಾ ತಣ್ಣೀರು ತುಂಬಬೇಕು. ಗಾಳಿ ಒಂದು ಗುಳ್ಳೆಯೂ ಇರಬಾರದು. ಆಮೇಲೆ ಪಂಪಿನಲ್ಲಿ ಒತ್ತಡ ಕೊಡಬೇಕು. ಎಷ್ಟರಲ್ಲಿ ಓಡಿಸ್ತೀಯೋ ಅದರ ಎರಡರಷ್ಟು. ತಡೆದರೆ ಬೆಂಕಿ ಹಾಕು. ನೀರಿನಲ್ಲಿ ಒಡೆದರೆ ನೆಲ ಒದ್ದೆ ಆಗ್ತದೆ, ಅಷ್ಟೆ. ಹಬೆಯಲ್ಲಿ ಒಡೆದರೆ...’ ಪೇಪರಿನ ಹಾಳೆ ತಿರುವಿದರು.

ಅದರ ಅರ್ಥ ಹೊಳೆಯಲು ನನಗೆ ಒಂದು ನಿಮಿಷ ಸಾಕಾಯಿತು, ನಾಚಿಕೆಯೂ ಆಯಿತು. ನೀರನ್ನು ಹಿಸುಕಲಾಗುವುದಿಲ್ಲ. ಆದ್ದರಿಂದ ಒತ್ತಡದಲ್ಲಿರುವ ತಣ್ಣೀರಿನಲ್ಲಿ ಅಡಗಿದ ಶಕ್ತಿ ಅತ್ಯಲ್ಪ, ಎಲ್ಲಾದರೂ ಬಿರುಕು ಬಿಟ್ಟರೆ ಒಂದು ಹನಿ ಹೊರಬಂದು ಒತ್ತಡ ಇಳಿದುಹೋಗುತ್ತದೆ. ಹಬೆಯ ಕೆಳಗಿರುವ ಬಿಸಿನೀರಿನ ಕಥೆಯೇ ಬೇರೆ. ಮೂರು ಕೆ.ಜಿ. ಒತ್ತಡದಲ್ಲಿ ನೀರು ಕುದಿಯುವುದು ನೂರು ಡಿಗ್ರಿಗಲ್ಲ, ಸುಮಾರು 143 ಡಿಗ್ರಿಗೆ. ಬಾಯ್ಲರ್ ಒಡೆದು ಒತ್ತಡ ಹಠಾತ್ತನೆ ಇಳಿದರೆ ಆ ಹೆಚ್ಚಿನ ಶಾಖದಿಂದ ನೀರಿನ ನೂರಕ್ಕೆ ಎಂಟು ಪಾಲು ಆ ಕ್ಷಣದಲ್ಲೇ ಹಬೆಯಾಗುತ್ತದೆ. 80 ಮಿಲಿಲೀಟರ್ ನೀರಿನಿಂದ ಹನ್ನೊಂದು ಲೀಟರಿನಷ್ಟು ಹಬೆ! ಉಳಿದ ಕುದಿನೀರನ್ನೂ ಎರಚಿಕೊಂಡೇ ಅದು ಹೊರಬರುತ್ತದೆ. ಈ ಲೆಕ್ಕದಲ್ಲಿ ನನಗೆ ಗೊತ್ತಿಲ್ಲದ ಸೂತ್ರ ಒಂದೂ ಇರಲಿಲ್ಲ. ಮಾಡಿರಲಿಲ್ಲ, ಅಷ್ಟೆ.

ಸಾಬರಿಗೆ ಹೇಳಿದೆ. ಅವರು ಹಿತ್ತಾಳೆಯ ತುಂಡೊಂದನ್ನು ಕಡೆದು, ಸೈಕಲ್ ಬೇರಿಂಗಿನ ಎರಡು ಗುಂಡುಗಳನ್ನೇ ಕವಾಟವಾಗಿಸಿ ಒಂದು ಕೈಪಂಪ್ ಮಾಡಿದರು. ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಅಂಗಡಿಯ ಕಟ್ಟೆಯ ಮೇಲೆ ಬಾಯ್ಲರ್ ಇಟ್ಟು, ನೀರು ತುಂಬಿ, ಸಾಬರು ಪಂಪ್ ಒತ್ತತೊಡಗಿದರು. ಒಂದು ಕೆ.ಜಿ. ಒಂದೂವರೆ. ಎರಡು. ಏನೂ ಆಗಲಿಲ್ಲ. ನಾನು ಅಪ್ಪನ ಮುಖ ನೋಡಿದೆ. ಅವರು ಗೇಜನ್ನು ನೋಡುತ್ತಲೇ ಇರಲಿಲ್ಲ, ಬಾಯ್ಲರಿನ ಹಿಂಬದಿಯ ಬೆಸುಗೆಯನ್ನೇ ನೋಡುತ್ತಿದ್ದರು. ಎರಡೂಮುಕ್ಕಾಲಿಗೆ ಅಲ್ಲಿ ಒಂದು ಹನಿ ಮೂಡಿತು. ಮೂರಕ್ಕೆ ಬೆಸುಗೆ ಉಗುರಿನಗಲ ಬಾಯಿ ಬಿಟ್ಟಿತು. ಸದ್ದಿಲ್ಲ, ಗದ್ದಲವಿಲ್ಲ. ಎರಡು ಚಮಚ ನೀರು ಕಟ್ಟೆಯ ಮೇಲೆ ಹರಿಯಿತು. ಮುಳ್ಳು ಸೊನ್ನೆಗೆ ಬಿತ್ತು.

ಹಿಂದಿನ ಯಾರೋ ಮಾಲೀಕ ಅಲ್ಲಿ ರೇಡಿಯೋ ರಿಪೇರಿಯವರ ತವರ–ಸೀಸದ ಬೆಸುಗೆ ಹಾಕಿ ಬಣ್ಣ ಬಳಿದಿದ್ದ. ಅದು ತಣ್ಣಗಿದ್ದಾಗಲೇ ಮೂರು ಕೆ.ಜಿ. ತಡೆಯದು. ಕಾದಾಗ ಇನ್ನೂ ಮೆತ್ತಗಾಗುತ್ತದೆ. ಮಕ್ಕಳು ಎಂಜಿನ್ನಿನ ಮೇಲೆ ಹೇಗೆ ಬಾಗುತ್ತಾರೆಂದು ಮೇಷ್ಟ್ರಾದವರಿಗೆ ಗೊತ್ತು. ಮೂಗು ತಾಗಿಸದೆ ಅವರು ಏನನ್ನೂ ನೋಡುವುದಿಲ್ಲ. ಕಟ್ಟೆಯ ಮೇಲಿನ ಆ ಎರಡು ಚಮಚ ನೀರನ್ನು ನೋಡುತ್ತಾ ನಾನು ಬಹಳ ಹೊತ್ತು ನಿಂತಿದ್ದೆ. ಅಪ್ಪ ‘ನಾನು ಹೇಳಲಿಲ್ವೇ’ ಎನ್ನಲಿಲ್ಲ. ‘ಸಾಬ್ರೇ, ಬೆಳ್ಳಿ ಬೆಸುಗೆ ಹಾಕಿಬಿಡಿ’ ಎಂದರು, ಅಷ್ಟೆ.

ಅಂದಿನಿಂದ ನಮ್ಮ ದುರಸ್ತಿಯ ದಿಕ್ಕೇ ಬದಲಾಯಿತು. ವಾಷರುಗಳನ್ನು ತೆಗೆದು ವಾಲ್ವನ್ನು ಹಿಂದಿನಂತೆಯೇ ಒಂದು ಕೆ.ಜಿ.ಗೆ ಬಿಟ್ಟೆ. ಹೊಸ ಬೆಸುಗೆ ಎರಡು ಕೆ.ಜಿ. ತಣ್ಣೀರಿನಲ್ಲಿ ಹತ್ತು ನಿಮಿಷ ಹನಿಯೊಡೆಯದೆ ನಿಂತ ಮೇಲೇ ಮತ್ತೆ ದೀಪ ಹಚ್ಚಿದ್ದು. ‘ಒತ್ತಡ ಯಾಕೆ ಏರಿಸ್ತೀಯ? ಇರೋ ಹಬೆ ಎಲ್ಲಿ ಹೋಗ್ತಿದೆ ನೋಡು’ ಎಂದು ಅಪ್ಪ ಕಿವಿಗೊಟ್ಟು ಕುಳಿತರು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ‘ಬೀಟ್’ ಕೇಳಬೇಕು, ಸಮನಾಗಿ. ‘ಒಂದು ಬೀಟ್ ಕುಂಟ್ತಿದೆ. ಎಡಗಡೆ ಸಿಲಿಂಡರ್’ ಎಂದರು. ಬಿಚ್ಚಿ ನೋಡಿದರೆ ಎಡ ಸಿಲಿಂಡರಿನ ಬೆನ್ನಿನಲ್ಲಿ ಒಂದು ಗೀರು. ಗಾಜಿನ ಹಲಗೆಯ ಮೇಲೆ ಬ್ರಾಸೋ ಹಾಕಿ ಎರಡು ಸಂಜೆ ಉಜ್ಜಿ ಸಪಾಟು ಮಾಡಿದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಗಾಜಿನ ನಾರಿನ ಪಟ್ಟಿ ತಂದು ಬಾಯ್ಲರಿನ ಮೇಲ್ಭಾಗಕ್ಕೆ ಹೊದಿಸಿದೆ. ದೊಡ್ಡ ಎಂಜಿನ್ನುಗಳಿಗೆ ಹಿಂದೆ ಕಲ್ನಾರಿನ ಹೊದಿಕೆ ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ವಿಷವೆಂದು ಈಗ ಎಲ್ಲರಿಗೂ ಗೊತ್ತು. ದೀಪದ ಸುತ್ತ ಗಾಳಿ ತಡೆಯಲು ತಗಡಿನ ಮರೆ ಕಟ್ಟಿದೆ. ಗಾಡಿಗಳ ಅಚ್ಚಿಗೆ ಹೊಲಿಗೆಯಂತ್ರದ ಎಣ್ಣೆ ಬಿಟ್ಟೆ.

ಅದೇ 80 ಮಿಲಿಲೀಟರ್ ನೀರು, ಅದೇ 20 ಮಿಲಿಲೀಟರ್ ಸ್ಪಿರಿಟ್, ಅದೇ ಒಂದು ಕೆ.ಜಿ. ಒತ್ತಡ. ಗಾಡಿಗಳಿಗೆ ತೂಕ ಹೇರಿ ಎಳೆತವನ್ನು ಮೊದಲಿನ ಅರ್ಧ ನ್ಯೂಟನ್ನಿಗೇ ತಂದಿದ್ದೆ. ಬಂಡಿ ನಲವತ್ತೊಂದು ಸುತ್ತು ಹೊಡೆಯಿತು! ಲಕ್ಷಕ್ಕೆ ಆರೂವರೆ ಇದ್ದದ್ದು ಹದಿನೆಂಟು ಜೂಲ್ ಆಯಿತು. ಜಗತ್ತು ಬೆಚ್ಚುವ ದಕ್ಷತೆಯೇನಲ್ಲ. ಆದರೆ ಒಂದು ಗ್ರಾಂ ಒತ್ತಡವನ್ನೂ ಏರಿಸದೆ ಸುಮಾರು ಎರಡೂಮುಕ್ಕಾಲು ಪಟ್ಟು!

ಫೆಬ್ರವರಿ 28ಕ್ಕೆ ಅಪ್ಪನನ್ನೂ ಶಾಲೆಗೆ ಕರೆದೊಯ್ದೆ. ಎಂಜಿನ್ನಿನ ಸುತ್ತ ಸುಣ್ಣದಲ್ಲಿ ಗೆರೆ ಎಳೆದು ಮಕ್ಕಳನ್ನು ಅದರಾಚೆ ನಿಲ್ಲಿಸಿದೆ. ಬಂಡಿ ಓಡಿತು, ಚಪ್ಪಾಳೆ ಬಿತ್ತು. ಹೆಡ್‌ಮಾಸ್ಟರು ಎರಡು ಮಾತಾಡಿದರು. ಸೇಫ್ಟಿ ವಾಲ್ವು, ಗೇಜ್ ಎಲ್ಲ ವಿವರಿಸಿ, ‘ನಮ್ಮ ತಂದೆಯವರು ನಿಜವಾದ ಉಗಿಬಂಡಿ ನಡೆಸಿದವರು, ಏನಾದರೂ ಕೇಳಿ’ ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ತಾತ, ನಿಮ್ಮ ಎಂಜಿನ್ ಯಾವತ್ತಾದರೂ ಕೆಟ್ಟಿತ್ತಾ?’ ಎಂದಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಎಂಜಿನ್ ಕೆಡಲಿಲ್ಲ ಮಗು, ನಾನು ಕೆಡಿಸಿದೆ’ ಎಂದರು.

ಆಮೇಲೆ ಹೇಳಿದರು. ಬೆಂಕಿಗೂಡಿನ ಛಾವಣಿಯಲ್ಲಿ ಸೀಸ ತುಂಬಿದ ಒಂದು ಬಿರಡೆ ಇರುತ್ತದೆ, ಲೆಡ್ ಪ್ಲಗ್ ಎನ್ನುತ್ತಾರೆ. ಬಾಯ್ಲರಿನಲ್ಲಿ ನೀರು ಆ ಛಾವಣಿಗಿಂತ ಕೆಳಗಿಳಿದರೆ ಸೀಸ ಕರಗಿ ಹಬೆ ಬೆಂಕಿಗೆ ನುಗ್ಗುತ್ತದೆ. ಅನಾಹುತಕ್ಕೆ ಮುಂಚಿನ ಕೊನೆಯ ಎಚ್ಚರಿಕೆ ಅದು. ನೀರು ನೋಡಲು ಗಾಜಿನ ಕೊಳವೆ ಇರುತ್ತದೆ. ಅದರ ದಾರಿ ಕಟ್ಟಿಕೊಂಡರೆ ನೀರಿಲ್ಲದಿದ್ದರೂ ಇದ್ದಂತೆ ತೋರಿಸುತ್ತದೆ. ಆಗಾಗ ತಿರುಪು ತೆರೆದು ಪರೀಕ್ಷಿಸಬೇಕು. 1976ರ ಒಂದು ರಾತ್ರಿ ಎರಡು ಡ್ಯೂಟಿ ಮುಗಿಸಿ ನಿದ್ದೆಗೆಟ್ಟಿದ್ದ ಅವರು ಪರೀಕ್ಷಿಸಲಿಲ್ಲ, ಗಾಜನ್ನು ನಂಬಿದರು. ಏರು ಮುಗಿದು ಇಳಿಜಾರು ಶುರುವಾದಾಗ ಇದ್ದ ನೀರು ಮುಂದಕ್ಕೆ ಸರಿಯಿತು, ಛಾವಣಿ ಬರಿದಾಯಿತು, ಪ್ಲಗ್ ಕರಗಿತು. ಯಾರಿಗೂ ಗಾಯವಾಗಲಿಲ್ಲ. ರೈಲು ಕಾಡಿನಲ್ಲಿ ನಿಂತಿತು. ಇನ್ನೊಂದು ಎಂಜಿನ್ ಬರುವವರೆಗೆ ಪ್ರಯಾಣಿಕರೆಲ್ಲ ಕತ್ತಲಲ್ಲಿ ಕುಳಿತರು. ಅಪ್ಪನಿಗೆ ಚಾರ್ಜ್‌ಶೀಟ್ ಬಂತು. ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ‘ಸರಿಯಾಗೇ ಮಾಡಿದರು. ತಪ್ಪು ನನ್ನದು’ ಎಂದರು.

ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನಾನೂ ಅವರಲ್ಲೊಬ್ಬನಾಗಿ ಕೇಳುತ್ತಿದ್ದೆ, ಏಕೆಂದರೆ ನಲವತ್ತೆಂಟು ವರ್ಷಗಳಲ್ಲಿ ಈ ಕಥೆ ನಮ್ಮ ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. 1976ರಲ್ಲಿ ನನಗೆ ಎಂಟು ವರ್ಷ. ಆ ದೀಪಾವಳಿಗೆ ಹೊಸ ಬಟ್ಟೆ ಬರಲಿಲ್ಲವೆಂದು ನಾನು ಅತ್ತದ್ದು ಚೆನ್ನಾಗಿ ನೆನಪಿದೆ. ‘ಟೈಲರು ಹೊಲಿದು ಕೊಡಲಿಲ್ಲ ಕಂದ’ ಎಂದಿದ್ದಳು ಅಮ್ಮ. ಆ ಟೈಲರಿನ ಮೇಲೆ ಎಷ್ಟೋ ವರ್ಷ ನನಗೆ ಕೋಪವಿತ್ತು. ಅವನ ಅಂಗಡಿಯ ಮುಂದೆ ಹೋಗುವಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ಪಾಪ!

ಮನೆಗೆ ಬರುವ ದಾರಿಯಲ್ಲಿ ನಾನು ಆ ಮಾತು ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ರಾತ್ರಿ ಊಟವಾದ ಮೇಲೆ ಎಂಜಿನ್ನಿನ ರಟ್ಟಿನ ಪೆಟ್ಟಿಗೆ ತರಿಸಿಕೊಂಡು, ಮುಚ್ಚಳದ ಒಳಗೆ ತಮ್ಮ ಗುಂಡನೆಯ ಅಕ್ಷರದಲ್ಲಿ ಬರೆದರು: ‘ಓಡಿಸುವ ಒತ್ತಡ 1 ಕೆ.ಜಿ. ನೀರಿನ ಪರೀಕ್ಷೆ 2 ಕೆ.ಜಿ. 10 ನಿಮಿಷ. ಸರಿ ಇದೆ. ಮುಂದಿನ ಪರೀಕ್ಷೆ ಒಂದು ವರ್ಷಕ್ಕೆ.’ ಕೆಳಗೆ ರುಜು ಹಾಕಿ ತಾರೀಖು ಬರೆದರು. ಆಮೇಲೆ ಪೆನ್ನು ನನಗೆ ಕೊಟ್ಟು, ‘ನೀವೂ ಹಾಕಿ ಮೇಷ್ಟ್ರೆ, ಇಬ್ಬರದು ಇರಬೇಕು’ ಎಂದರು.

2025ರ ಫೆಬ್ರವರಿಯಲ್ಲಿ ಎರಡನೆಯ ಪರೀಕ್ಷೆ ಆಯಿತು. ಅಪ್ಪನ ರುಜು ಈಗ ಸ್ವಲ್ಪ ನಡುಗಿದೆ, ಬಾಯ್ಲರ್ ಮಾತ್ರ ಗಟ್ಟಿಯಾಗಿದೆ. ಕೈಪಂಪ್ ನನ್ನ ಕಪಾಟಿನ ಮೇಲಿನ ಅರೆಯಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿದೆ. ಮನೆಯಾಕೆ ಅದೊಂದನ್ನು ಮಾತ್ರ ಗುಜರಿ ಎನ್ನುವುದಿಲ್ಲ.